ಶಾಲೆ ಬಿಟ್ಟ ಮಕ್ಕಳು ಮನೆ ಸೇರಲಿಲ್ಲ

1888ರ ಜನವರಿ 12, ಗುರುವಾರ. ಅಮೆರಿಕದ ನೆಬ್ರಾಸ್ಕ, ಡಕೋಟ ಸೀಮೆಯ ಜನ ಬೆಳಿಗ್ಗೆ ಎದ್ದಾಗ ಹವೆ ಹಿತವಾಗಿತ್ತು. ಅದಕ್ಕೆ ಮುನ್ನ ಹಲವು ದಿನ ಮೂಳೆ ಕೊರೆಯುವ ಚಳಿ. ಮನೆಯೊಳಗೇ ಮುದುಡಿ ಕೂತಿದ್ದವರಿಗೆ ಅಂದು ಬಿಡುಗಡೆ ಸಿಕ್ಕಂತಾಯಿತು. ರೈತರು ದನಗಳನ್ನು ಬಯಲಿಗೆ ಬಿಟ್ಟರು, ಬಣವೆಯಿಂದ ಹುಲ್ಲು ತರಲು ಗಾಡಿ ಹೂಡಿದರು. ಮಕ್ಕಳು ದಪ್ಪ ಕೋಟು, ಕೈಗವಸುಗಳನ್ನು ಮನೆಯಲ್ಲೇ ಬಿಟ್ಟು ಶಾಲೆಗೆ ನಡೆದರು.

ಅಂದು ಉಷ್ಣತೆ ಇದ್ದದ್ದು ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿನಲ್ಲಿ. ನಮಗೆ ಅದು ನಡುಗುವ ಚಳಿ. ಆದರೆ ಜನವರಿಯಲ್ಲಿ ಆ ಸೀಮೆಯವರಿಗೆ ಅದೇ ಬೇಸಿಗೆ!

ಡಕೋಟದಲ್ಲಿ ಮಧ್ಯಾಹ್ನಕ್ಕೆ ಮುನ್ನ, ನೆಬ್ರಾಸ್ಕದಲ್ಲಿ ಮಧ್ಯಾಹ್ನ ಕಳೆದ ಮೇಲೆ ವಾಯವ್ಯ ದಿಕ್ಕಿನಿಂದ ಗೋಡೆಯೊಂದು ಉರುಳಿಕೊಂಡು ಬಂದಂತೆ ಬಿರುಗಾಳಿ ಎರಗಿತು. ಹಿಟ್ಟಿನಂಥ ನುಣುಪು ಹಿಮ ಕಣ್ಣು, ಮೂಗು, ಬಾಯಿಗಳನ್ನು ತುಂಬಿತು. ಚಾಚಿದ ಕೈ ಕಾಣದಷ್ಟು ಬಿಳಿಯ ಕತ್ತಲೆ ಕವಿಯಿತು. ರಾತ್ರಿ ಕಳೆದು ಬೆಳಗಾಗುವ ವೇಳೆಗೆ ಹಲವೆಡೆ ಉಷ್ಣತೆ ಶೂನ್ಯಕ್ಕಿಂತ 30 ಡಿಗ್ರಿ ಸೆಲ್ಷಿಯಸ್‌ನಷ್ಟು ಕೆಳಕ್ಕೆ ಇಳಿದಿತ್ತು. ಬಿರುಗಾಳಿಗೆ ಬಲಿಯಾದವರು 235 ಮಂದಿ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಇನ್ನೂ ಹೆಚ್ಚು ಎನ್ನುವ ಇತಿಹಾಸಕಾರರಿದ್ದಾರೆ. ಸತ್ತವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೇ ಬಹಳ. ಆದ್ದರಿಂದಲೇ ಅದಕ್ಕೆ 'ಶಾಲಾ ಮಕ್ಕಳ ಹಿಮಬಿರುಗಾಳಿ' ಎಂಬ ಹೆಸರು ಉಳಿದುಬಂತು.

ಅಮೆರಿಕದ ಹಿಮ ಬೀಳುವ ರಾಜ್ಯಗಳಲ್ಲಿ ಇಂದು ಚಳಿಗಾಲದ ಅಪಾಯಗಳೂ ಹೈಸ್ಕೂಲು ಮಕ್ಕಳು ಕಲಿಯುವ ಪಾಠ. ಚಳಿಗಾಲ ಬರುವ ಮುನ್ನ ಜಾಗೃತಿ ಸಪ್ತಾಹಗಳು ನಡೆಯುತ್ತವೆ. ಹಿಮಬಿರುಗಾಳಿ ಎಂದರೇನು, ಅದು ಮನುಷ್ಯನನ್ನು ಹೇಗೆ ಕೊಲ್ಲುತ್ತದೆ, ಸಿಕ್ಕಿಬಿದ್ದರೆ ಏನು ಮಾಡಬೇಕು ಎಂದು ಹೇಳಿಕೊಡುತ್ತಾರೆ. ಆ ಪಾಠದ ಒಂದೊಂದು ಸಾಲಿನ ಹಿಂದೆಯೂ ಯಾವುದೋ ಒಂದು ದುರಂತದ ಇತಿಹಾಸವಿದೆ.

ಬಯಲು ಸೀಮೆಯ ಶಾಲೆಗಳು

ಅಷ್ಟೊಂದು ಜನ ಆ ಬಯಲಿಗೆ ಬಂದದ್ದಾದರೂ ಏಕೆ? ಅಮೆರಿಕ ಸರ್ಕಾರ 1862ರಲ್ಲಿ 'ಹೋಮ್‌ಸ್ಟೆಡ್ ಕಾಯ್ದೆ' ತಂದಿತು. ಐದು ವರ್ಷ ನೆಲೆಸಿ ಉಳುಮೆ ಮಾಡಿದವರಿಗೆ 160 ಎಕರೆ ಜಮೀನು ಸಿಗುತ್ತಿತ್ತು. ಮೂಲನಿವಾಸಿ ಬುಡಕಟ್ಟುಗಳಿಂದ ಕಸಿದ ನೆಲಕ್ಕೆ ನಾರ್ವೆ, ಸ್ವೀಡನ್, ಜರ್ಮನಿ, ರಷ್ಯಾಗಳಿಂದ ಬಡ ರೈತರು ಸಂಸಾರ ಸಮೇತ ಬಂದಿಳಿದರು. ಅಲ್ಲಿ ಮರಗಳೇ ಅಪರೂಪ. ಹುಲ್ಲುಬೇರಿನ ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಮನೆ ಕಟ್ಟಿಕೊಂಡರು. ಎಷ್ಟೋ ಕಡೆ ಶಾಲೆಯೂ ಅಂಥದ್ದೇ. ಒಂದೇ ಕೋಣೆ, ನಡುವೆ ಒಂದು ಒಲೆ, ಹತ್ತಿಪ್ಪತ್ತು ಮಕ್ಕಳು, ಒಬ್ಬರೇ ಉಪಾಧ್ಯಾಯಿನಿ. ಆಕೆಗೂ ಎಷ್ಟೋ ಸಲ ಇಪ್ಪತ್ತು ತುಂಬಿರುತ್ತಿರಲಿಲ್ಲ.

ಹೊಲಗಳ ನಡುವೆ ಒಂಟಿಯಾಗಿ ನಿಂತ ಶಾಲೆಗೆ ಮಕ್ಕಳು ಬಯಲಿನಲ್ಲಿ ನಡೆದೇ ಬರಬೇಕಿತ್ತು. ದಾರಿಯಲ್ಲಿ ಗುರುತಿಗೆ ಒಂದು ಮರವಿಲ್ಲ, ಬೇಲಿಯಿಲ್ಲ. ಬಿರುಗಾಳಿ ಬಡಿದ ಆ ಗಳಿಗೆಯಲ್ಲಿ ಮಕ್ಕಳನ್ನು ಒಳಗೇ ಇರಿಸಿಕೊಳ್ಳುವುದೋ ಮನೆಗೆ ಕಳುಹಿಸುವುದೋ ಎಂಬ ತೀರ್ಮಾನ ಆ ಎಳೆಯ ಉಪಾಧ್ಯಾಯಿನಿಯರ ಹೆಗಲಿಗೆ ಬಿತ್ತು. ಕೇಳಲು ಫೋನಿಲ್ಲ, ರೇಡಿಯೊ ಇಲ್ಲ, ಹಿರಿಯರೂ ಹತ್ತಿರವಿಲ್ಲ.

ಮೂವರು ಉಪಾಧ್ಯಾಯಿನಿಯರು

ನೆಬ್ರಾಸ್ಕದ ಆರ್ಡ್ ಪಟ್ಟಣದ ಬಳಿ ಮೀರಾ ಕಣಿವೆ ಎಂಬ ಊರು. ಅಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಕೆ ಮಿನ್ನಿ ಫ್ರೀಮನ್. ಮಕ್ಕಳನ್ನು ಒಳಗೇ ಉಳಿಸಿಕೊಳ್ಳಬೇಕೆಂದು ಆಕೆ ಹೊರಟಾಗ ಗಾಳಿ ಶಾಲೆಯ ಚಾವಣಿಯನ್ನೇ ಕಿತ್ತುಹಾಕಿತು. ಬೇರೆ ದಾರಿ ಇರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಿರುಗಾಳಿಯಲ್ಲೇ ನಡೆಸಿಕೊಂಡು ಹತ್ತಿರದ ರೈತನ ಮನೆಗೆ ಸೇರಿಸಿದಳು. ಒಂದು ಮಗುವೂ ಸಾಯಲಿಲ್ಲ.

ಪತ್ರಿಕೆಗಳು ಮಿನ್ನಿಯನ್ನು ರಾಷ್ಟ್ರದ ನಾಯಕಿಯನ್ನಾಗಿ ಮಾಡಿದವು. ಅದೇ ವರ್ಷ ಆಕೆಯ ಮೇಲೆ ಒಂದು ಹಾಡೂ ಅಚ್ಚಾಯಿತು. ಉಳಿದ ಮಕ್ಕಳು ಹದಿಮೂರು ಎಂದು ಹಾಡು ಹೇಳಿತು. ಬೇರೆ ವರದಿಗಳಲ್ಲಿ ಸಂಖ್ಯೆ ಇನ್ನೂ ಹೆಚ್ಚಿದೆ. ಆಕೆ ಮಕ್ಕಳನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಿ ನಡೆಸಿದಳು ಎಂಬ ಕತೆ ಮನೆಮಾತಾಯಿತು. ಹಗ್ಗ ಕಟ್ಟಿರಲೇ ಇಲ್ಲ ಎಂದು ಹೇಳಿದ ವಿದ್ಯಾರ್ಥಿಗಳೂ ಇದ್ದರು. ಹಗ್ಗ ಇತ್ತೋ ಇಲ್ಲವೋ, ಆಕೆ ಮಕ್ಕಳನ್ನು ಚದುರಲು ಬಿಡಲಿಲ್ಲ ಎಂಬುದರಲ್ಲಿ ಸಂದೇಹವಿಲ್ಲ. ನೆಬ್ರಾಸ್ಕದ ರಾಜಧಾನಿ ಲಿಂಕನ್‌ನ ವಿಧಾನಭವನದ ಗೋಡೆಯ ಮೇಲೆ ಇಂದಿಗೂ ಆ ಬಿರುಗಾಳಿಯ ಮೊಸಾಯಿಕ್ ಚಿತ್ರವಿದೆ.

ಅದೇ ರಾಜ್ಯದ ಪ್ಲೇನ್‌ವ್ಯೂ ಬಳಿಯ ಲೋಯಿಸ್ ರಾಯ್ಸ್ ಕತೆ ಬೇರೆ. ಮಧ್ಯಾಹ್ನ ಮೂರರ ವೇಳೆಗೆ ಶಾಲೆಯ ಒಲೆಗೆ ಹಾಕಲು ಉರುವಲು ಮುಗಿದುಹೋಯಿತು. ಉಳಿದಿದ್ದವರು ಮೂವರು ಪುಟ್ಟ ಮಕ್ಕಳು. ಆಕೆ ವಾಸವಿದ್ದ ಮನೆ ಹೆಚ್ಚೆಂದರೆ ನೂರಿನ್ನೂರು ಗಜ ದೂರ. ಮಕ್ಕಳ ಕೈ ಹಿಡಿದು ಹೊರಟ ಲೋಯಿಸ್‌ಗೆ ಆ ಮನೆ ಕಾಣಿಸಲೇ ಇಲ್ಲ. ರಾತ್ರಿಯಿಡೀ ಬಯಲಿನಲ್ಲಿ ಮಕ್ಕಳನ್ನು ತಬ್ಬಿಕೊಂಡು ಮಲಗಿದಳು. ಮೂವರೂ ಒಬ್ಬೊಬ್ಬರಾಗಿ ಆಕೆಯ ಮಗ್ಗುಲಲ್ಲೇ ಸತ್ತರು. ಬೆಳಗಾದ ಮೇಲೆ ತೆವಳಿಕೊಂಡು ಹೋಗಿ ಜೀವ ಉಳಿಸಿಕೊಂಡ ಆಕೆ ಎರಡೂ ಪಾದಗಳನ್ನು ಕಳೆದುಕೊಂಡಳು.

ಮೂರನೆಯವಳು ಹೋಲ್ಟ್ ಕೌಂಟಿಯ ಎಟ್ಟಾ ಶಾಟಕ್. ದಾರಿ ತಪ್ಪಿದ ಈಕೆ ಒಂದು ಹುಲ್ಲಿನ ಬಣವೆ ಸಿಕ್ಕಿ ಅದರೊಳಗೆ ನುಸುಳಿಕೊಂಡಳು. ಮೂರು ದಿನ ಅಲ್ಲೇ ಸಿಕ್ಕಿಬಿದ್ದಿದ್ದವಳನ್ನು ಹುಲ್ಲಿಗೆ ಬಂದ ರೈತನೊಬ್ಬ ಕಂಡ. ಜೀವವಿತ್ತು, ಆದರೆ ಕಾಲುಗಳು ಹೆಪ್ಪುಗಟ್ಟಿದ್ದವು. ಕಾಲುಗಳನ್ನು ಕತ್ತರಿಸಿದರೂ ಫೆಬ್ರುವರಿಯಲ್ಲಿ ಆಕೆ ತೀರಿಕೊಂಡಳು. ಒಮಾಹ ನಗರದ 'ಬೀ' ಪತ್ರಿಕೆ ಈ ಉಪಾಧ್ಯಾಯಿನಿಯರಿಗಾಗಿ ನಿಧಿ ಸಂಗ್ರಹಿಸಿತು.

ಮೂವರಲ್ಲಿ ಯಾರ ಧೈರ್ಯವೂ ಕಡಿಮೆಯದಲ್ಲ. ಒಬ್ಬಳಿಗೆ ಚಾವಣಿ ಹಾರಿತು, ಇನ್ನೊಬ್ಬಳಿಗೆ ಉರುವಲು ಮುಗಿಯಿತು. ಮಗದೊಬ್ಬಳು ಹೊರಗಿದ್ದಾಗಲೇ ಗಾಳಿ ಬಂತು. ಶಾಲೆಯಲ್ಲಿ ಒಂದು ರಾತ್ರಿಗೆ ಸಾಲುವಷ್ಟು ಉರುವಲಿದ್ದ ಕಡೆ, ಬಾಗಿಲು ಹಾಕಿಕೊಂಡು ಒಳಗೇ ಕುಳಿತ ಮಕ್ಕಳು ಬದುಕಿದರು. ಅವರ ಕತೆಯಲ್ಲಿ ರೋಚಕತೆ ಇಲ್ಲದ್ದರಿಂದ ಅವರ ಮೇಲೆ ಯಾರೂ ಹಾಡು ಕಟ್ಟಲಿಲ್ಲ.

ಡಕೋಟದ ಗ್ರೋಟನ್ ಪಟ್ಟಣದಲ್ಲಿ ನಡೆದ ಒಂದು ಸಂಗತಿ ಮಕ್ಕಳ ಮನಸ್ಸನ್ನು ಚೆನ್ನಾಗಿ ಹೇಳುತ್ತದೆ. ಅಲ್ಲಿ ಊರಿನವರು ಮಕ್ಕಳನ್ನು ಕರೆತರಲು ಬಂಡಿಗಳನ್ನು ಶಾಲೆಗೆ ಕಳುಹಿಸಿದ್ದರು. ಎಂಟು ವರ್ಷದ ಹುಡುಗನೊಬ್ಬನಿಗೆ ಸ್ಲೇಟು ಒರೆಸುವ ನೀರಿಗಾಗಿ ತಾನಿಟ್ಟುಕೊಂಡಿದ್ದ ಚಂದದ ಅತ್ತರಿನ ಶೀಸೆಯ ನೆನಪಾಯಿತು. ನೀರು ಹೆಪ್ಪುಗಟ್ಟಿದರೆ ಶೀಸೆ ಒಡೆಯುತ್ತದಲ್ಲ! ಬಂಡಿಯಿಂದ ಜಿಗಿದು ಒಳಗೆ ಓಡಿದ. ಮರಳಿ ಬರುವಷ್ಟರಲ್ಲಿ ಬಂಡಿಗಳು ಹೋಗಿದ್ದವು. ಹುಡುಕಿ ಬಂದ ಅಣ್ಣ, ಹಿಮದಲ್ಲಿ ಬಿದ್ದಿದ್ದ ತಮ್ಮನನ್ನು ಎಡವಿದ್ದರಿಂದ ಪತ್ತೆಯಾಯಿತು. ಹುಡುಗ ಬದುಕಿದ.

ಮುನ್ಸೂಚನೆ ಇತ್ತು, ತಲುಪಲಿಲ್ಲ

ಆಗ ಹವಾಮಾನ ನೋಡಿಕೊಳ್ಳುತ್ತಿದ್ದುದು ಸೈನ್ಯದ ಸಿಗ್ನಲ್ ಕೋರ್. ಅಧ್ಯಕ್ಷ ಗ್ರಾಂಟ್ 1870ರಲ್ಲಿ ಸಹಿ ಹಾಕಿದ ನಿರ್ಣಯದಿಂದ ಈ ವ್ಯವಸ್ಥೆ ಹುಟ್ಟಿತು. ಬಯಲು ಸೀಮೆಯ ಮುನ್ಸೂಚನೆಗಾಗಿ ಸೇಂಟ್ ಪಾಲ್ ನಗರದಲ್ಲಿ ಲೆಫ್ಟಿನೆಂಟ್ ಥಾಮಸ್ ವುಡ್ರಫ್ ಇದ್ದರು. ದೂರದ ಠಾಣೆಗಳು ತಂತಿಯ ಮೂಲಕ ಕಳುಹಿಸಿದ ವಾಯುಭಾರ, ಉಷ್ಣತೆಗಳ ಅಂಕಿಗಳನ್ನು ನೋಡಿ ಅವರು ಹಿಮ ಮತ್ತು ಶೀತಮಾರುತದ ಸೂಚನೆಯನ್ನು ಕೊಟ್ಟಿದ್ದರು. ಆದರೆ ಅದು ಇಷ್ಟು ಬೇಗ, ಇಷ್ಟು ಭೀಕರವಾಗಿ ಎರಗುವ ಅಂದಾಜು ಇರಲಿಲ್ಲ.

ಕೊಟ್ಟ ಎಚ್ಚರಿಕೆಯಾದರೂ ಎಲ್ಲಿಗೆ ಹೋಯಿತು? ತಂತಿ ಕಚೇರಿ, ರೈಲು ನಿಲ್ದಾಣ ಇದ್ದ ಊರುಗಳಿಗೆ. ಅಲ್ಲಿ ನಡುವೆ ಕಪ್ಪು ಚೌಕವಿರುವ ಬಿಳಿ ಬಾವುಟ ಏರಿಸುತ್ತಿದ್ದರು. ಅದು ಶೀತಮಾರುತದ ಗುರುತು. ಹತ್ತಾರು ಮೈಲಿ ದೂರದ ಹೊಲದ ರೈತನಿಗೆ ಆ ಬಾವುಟ ಕಾಣುವುದೆಂತು?

ಆ ದಿನ ಆಕಾಶದಲ್ಲಿ ನಡೆದದ್ದನ್ನು ಇಂದಿನ ಹೈಸ್ಕೂಲು ಹುಡುಗ ನಕ್ಷೆ ಬರೆದು ವಿವರಿಸಬಲ್ಲ. ಕೆನಡಾ ಕಡೆಯಿಂದ ಉತ್ತರ ಧ್ರುವದ ಭಾರವಾದ ತಣ್ಣನೆ ಗಾಳಿ ದಕ್ಷಿಣಕ್ಕೆ ನುಗ್ಗಿತು. ಅದರ ಮುಂದಿದ್ದ ವಾಯುಭಾರ ಕುಸಿತ ದಕ್ಷಿಣದ ಬೆಚ್ಚನೆಯ ಗಾಳಿಯನ್ನು ತನ್ನತ್ತ ಸೆಳೆದುಕೊಂಡಿತು. ಎರಡೂ ಸಂಧಿಸಿದ ಗಡಿ ಬಯಲನ್ನು ದಾಟುತ್ತಾ ಹೋಯಿತು. ಗಡಿಯ ಒಂದು ಬದಿಗೆ ಹಿತ, ಇನ್ನೊಂದು ಬದಿಗೆ ಸಾವು. ಬೆಳಗಿನ ಬೆಚ್ಚಗಿನ ಹವೆಯೂ ಅದೇ ಬಿರುಗಾಳಿಯ ಭಾಗವಾಗಿತ್ತು ಎಂಬುದನ್ನು ಅಲ್ಲಿನ ಮಕ್ಕಳಿಗೆ ಒತ್ತಿ ಹೇಳುತ್ತಾರೆ.

ಎರಡೇ ತಿಂಗಳಲ್ಲಿ, ಮಾರ್ಚ್ 11ರಿಂದ 14ರವರೆಗೆ, ಪೂರ್ವ ಕರಾವಳಿಯನ್ನು ಇನ್ನೊಂದು ಹಿಮಬಿರುಗಾಳಿ ಬಡಿಯಿತು. ನ್ಯೂಯಾರ್ಕ್ ನಗರ ಸ್ತಬ್ಧಗೊಂಡಿತು; ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು. 1890ರ ಕಾಯ್ದೆಯಂತೆ ಮರುವರ್ಷ ಹವಾಮಾನ ಸೇವೆ ಸೈನ್ಯದಿಂದ ಕೃಷಿ ಇಲಾಖೆಯ ಕೈಗೆ ಬಂದು 'ವೆದರ್ ಬ್ಯೂರೊ' ಆಯಿತು.

ಮತ್ತೆ ಅದೇ ತಪ್ಪು

ಪಾಠ ಒಮ್ಮೆಗೇ ಕಲಿತದ್ದಲ್ಲ. 1931ರ ಮಾರ್ಚ್ 26ರಂದು ಕೊಲರಾಡೊ ರಾಜ್ಯದ ಟೌನರ್ ಬಳಿಯ ಪ್ಲೆಸೆಂಟ್ ಹಿಲ್ ಶಾಲೆಯಿಂದ ಮಕ್ಕಳನ್ನು ಬಿರುಗಾಳಿ ಏಳುತ್ತಿದ್ದಾಗಲೇ ಬಸ್ಸಿನಲ್ಲಿ ಮನೆಗೆ ಕಳುಹಿಸಲಾಯಿತು. ಬಸ್ಸು ದಾರಿ ತಪ್ಪಿ ಹಳ್ಳದಲ್ಲಿ ಸಿಕ್ಕಿಕೊಂಡಿತು. ಸುಮಾರು 33 ಗಂಟೆ 20 ಮಕ್ಕಳು ಅದರಲ್ಲೇ ಇದ್ದರು. ನೆರವು ತರಲು ನಡೆದು ಹೊರಟ ಚಾಲಕ ಬಯಲಿನಲ್ಲಿ ಸತ್ತ. ಐವರು ಮಕ್ಕಳೂ ಉಳಿಯಲಿಲ್ಲ. ಉಳಿದ ಮಕ್ಕಳು ಕೈಕಾಲು ಆಡಿಸುತ್ತಾ, ಒಬ್ಬರನ್ನೊಬ್ಬರು ಮಲಗಗೊಡದೆ ಎಬ್ಬಿಸುತ್ತಾ ಜೀವ ಹಿಡಿದುಕೊಂಡರು.

1940ರ ನವೆಂಬರ್ 11ರಂದು ಮತ್ತೆ ಅದೇ ಮೋಸದ ಬೆಳಗು. ಹಿತವಾದ ಹವೆ ನೋಡಿ ಮಿಸಿಸಿಪ್ಪಿ ನದಿಯ ನಡುಗಡ್ಡೆಗಳಿಗೆ ಬಾತುಕೋಳಿ ಬೇಟೆಗೆ ಹೋದವರು ತೆಳು ಅಂಗಿಯಲ್ಲೇ ಹಿಮಕ್ಕೆ ಸಿಕ್ಕಿದರು. ಹಲವು ರಾಜ್ಯಗಳಲ್ಲಿ ಸತ್ತವರು ಸುಮಾರು 150 ಮಂದಿ. ಆ ಪ್ರದೇಶದ ಮುನ್ಸೂಚನೆಯನ್ನು ಆಗ ದೂರದ ಷಿಕಾಗೊ ಕಚೇರಿ ಕೊಡುತ್ತಿತ್ತು. ಆ ದುರಂತದ ಬಳಿಕ ಸ್ಥಳೀಯ ಕಚೇರಿಗೂ ಮುನ್ಸೂಚನೆಯ ಹೊಣೆ ಬಂತು.

1888ರಲ್ಲಿ ಬದುಕುಳಿದ ಮಕ್ಕಳು ಮುದುಕರಾಗಿ 1940ರಲ್ಲಿ ಲಿಂಕನ್‌ನಲ್ಲಿ ಒಂದು ಸಂಘ ಕಟ್ಟಿದರು. ತಮ್ಮ ನೆನಪುಗಳನ್ನೆಲ್ಲ ಕಲೆಹಾಕಿ 1947ರಲ್ಲಿ ಪುಸ್ತಕವಾಗಿ ತಂದರು. ಆ ಬಿರುಗಾಳಿಯ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನದು ಆ ಮುದುಕರ ನೆನಪಿನಿಂದಲೇ ಬಂದದ್ದು.

ಚಳಿ ಕೊಲ್ಲುವ ಬಗೆ

ಇಂದಿನ ಪಾಠದಲ್ಲಿ ಮೊದಲು ಬರುವುದು ವ್ಯಾಖ್ಯೆ. ಹಿಮ ಎಷ್ಟು ಬಿತ್ತು ಎಂಬುದರಿಂದ 'ಬ್ಲಿಝರ್ಡ್' ಆಗುವುದಿಲ್ಲ. ಗಾಳಿಯ ವೇಗ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್ ಮುಟ್ಟಬೇಕು. ಕಾಲು ಮೈಲಿಯಾಚೆ, ಅಂದರೆ 400 ಮೀಟರಿನಾಚೆ ಏನೂ ಕಾಣಬಾರದು. ಇವೆರಡೂ ಕನಿಷ್ಠ ಮೂರು ಗಂಟೆ ಮುಂದುವರಿಯಬೇಕು. ಹೊಸ ಹಿಮ ಬೀಳದೆ, ನೆಲದ ಹಿಮವನ್ನೇ ಗಾಳಿ ಎಬ್ಬಿಸಿದರೂ ಅದು ಬ್ಲಿಝರ್ಡೇ. ಗುಂಡಿನ ಸುರಿಮಳೆ, ಬಲವಾದ ಹೊಡೆತ ಎಂಬ ಅರ್ಥವಿದ್ದ ಈ ಪದವನ್ನು 1870ರಲ್ಲಿ ಅಯೋವಾ ರಾಜ್ಯದ ಎಸ್ತರ್‌ವಿಲ್ ಊರಿನ ಪತ್ರಿಕೆ ಹಿಮಬಿರುಗಾಳಿಗೆ ಬಳಸಿತು. ಅಲ್ಲಿಂದ ಅದು ಎಲ್ಲೆಡೆ ಹರಡಿತು.

ಎರಡನೆಯದು ಗಾಳಿಯ ಲೆಕ್ಕ. ದೇಹದ ಸುತ್ತ ಬೆಚ್ಚನೆಯ ಗಾಳಿಯ ತೆಳು ಪದರವೊಂದಿರುತ್ತದೆ. ಬೀಸುವ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು 1939-41ರ ದಕ್ಷಿಣ ಧ್ರುವ ಯಾತ್ರೆಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯನ್ನು ಗಾಳಿಗೆ ಒಡ್ಡಿ, ನೀರು ಹೆಪ್ಪುಗಟ್ಟುವ ವೇಗ ಅಳೆದರು. ಸೈಪಲ್ 1928ರಲ್ಲೇ ಸ್ಕೌಟ್ ಹುಡುಗನಾಗಿ ಅಡ್ಮಿರಲ್ ಬರ್ಡ್ ಜತೆ ಅಲ್ಲಿಗೆ ಹೋಗಿದ್ದವರು. ಆ ಪ್ರಯೋಗದಿಂದ ಹುಟ್ಟಿದ್ದೇ 'ವಿಂಡ್ ಚಿಲ್' ಲೆಕ್ಕ. 2001ರಲ್ಲಿ ಅದನ್ನು ಪರಿಷ್ಕರಿಸಿದರು. ಇದರ ಪ್ರಕಾರ, ಉಷ್ಣತೆ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿದ್ದು ಗಾಳಿ ಗಂಟೆಗೆ 40 ಕಿಲೋಮೀಟರ್ ಬೀಸಿದರೆ ಚರ್ಮಕ್ಕೆ ಅದು ಶೂನ್ಯಕ್ಕಿಂತ 31 ಡಿಗ್ರಿ ಕೆಳಗಿನ ಚಳಿ. ಮುಚ್ಚದ ಕಿವಿ, ಮೂಗು, ಬೆರಳುಗಳು ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು.

ಮೂರನೆಯದು ದೇಹದ ಒಳಗಿನ ಕತೆ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯ. ಮೊದಲು ತಡೆಯಲಾರದ ನಡುಕ. ನಂತರ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಬುದ್ಧಿ ಮಂಕಾಗುತ್ತದೆ. ನಡುಕ ನಿಂತು ನಿದ್ದೆ ಎಳೆದರೆ ಅದು ಸುಧಾರಣೆಯಲ್ಲ, ಕೊನೆಯ ಹಂತ. ಕೆಲವರು ಆ ಸ್ಥಿತಿಯಲ್ಲಿ ಸೆಕೆಯಾದವರಂತೆ ಬಟ್ಟೆ ಕಿತ್ತೆಸೆಯುವುದೂ ಉಂಟು. 1888ರಲ್ಲಿ ರಾತ್ರಿಯಿಡೀ ಬದುಕಿದ್ದ ಕೆಲವರು ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ಇಡುತ್ತಲೇ ಕುಸಿದು ಸತ್ತರು. ತಣ್ಣಗಾದ ಹೃದಯ ಹಠಾತ್ ಶ್ರಮವನ್ನು ತಾಳದು ಎಂಬುದು ಆಗ ತಿಳಿದಿರಲಿಲ್ಲ. ಹೆಪ್ಪುಗಟ್ಟಿದ ಕೈಕಾಲಿಗೆ ಹಿಮವನ್ನೇ ತಿಕ್ಕುವ ಚಿಕಿತ್ಸೆ ಆಗ ರೂಢಿಯಲ್ಲಿತ್ತು. ಅದು ಗಾಯವನ್ನು ಹೆಚ್ಚಿಸುತ್ತದೆ. ಹಾಗೆ ಮಾಡಲೇಬೇಡಿ ಎಂದು ಇಂದಿನ ಪಾಠ ಹೇಳುತ್ತದೆ.

ಹೈಸ್ಕೂಲಿನವರಿಗೆ ಇದು ವಿಶೇಷವಾಗಿ ಬೇಕಾಗಿರುವುದಕ್ಕೆ ಕಾರಣವಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹದಿನಾರಕ್ಕೆ ಕಾರು ಓಡಿಸಲು ಬಿಡುತ್ತಾರೆ. ಅಂದಿನ ಮಗು ಬಯಲಿನಲ್ಲಿ ನಡೆದು ಸತ್ತರೆ, ಇಂದಿನವರು ರಸ್ತೆಯಲ್ಲಿ ಸಿಕ್ಕಿಬೀಳುತ್ತಾರೆ. ಕಾರು ಹಿಮದಲ್ಲಿ ಹೂತರೆ ಇಳಿದು ನಡೆಯಬಾರದು. ಹೊಗೆ ಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ತೆಗೆಯಬೇಕು. ಇಲ್ಲದಿದ್ದರೆ ವಿಷಾನಿಲ ಕಾರಿನೊಳಗೆ ತುಂಬುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಕಿಟಕಿಯನ್ನು ಕೊಂಚ ತೆರೆದಿಡಬೇಕು. ಕಂಬಳಿ, ಸಲಿಕೆ, ಟಾರ್ಚು, ತಿನ್ನಲು ಏನಾದರೂ ಕಾರಿನಲ್ಲೇ ಇರಬೇಕು. ಮಾತುಗಳು ಹಲವು, ತಿರುಳು ಒಂದೇ: ಆಸರೆ ಇದ್ದಲ್ಲೇ ಇರಿ.

ದೂರದ ಮಾತೇ?

ಹಿಮ ಕಾಣದ ನಾಡಿನವರಿಗೆ ಇದೆಲ್ಲ ದೂರದ ಕತೆ ಎನಿಸಬಹುದು. ಆದರೆ ಹಿಮಾಲಯದ ಚಾರಣಕ್ಕೆ ಕರ್ನಾಟಕದಿಂದ ಹೋಗುವವರು ಕಡಿಮೆಯಿಲ್ಲ. 2024ರ ಜೂನ್ 4ರಂದು, ಇಲ್ಲಿ ಮುಂಗಾರು ಶುರುವಾಗುವ ಹೊತ್ತಿನಲ್ಲಿ, ಉತ್ತರಾಖಂಡದ ಸಹಸ್ರತಾಲ್ ಎಂಬ ಎತ್ತರದ ಸರೋವರಗಳ ಹಾದಿಯಲ್ಲಿ ಕರ್ನಾಟಕದವರೇ ಹೆಚ್ಚಾಗಿದ್ದ 22 ಮಂದಿಯ ತಂಡ ಹಿಮಬಿರುಗಾಳಿಗೆ ಸಿಕ್ಕಿತು. ಒಂಬತ್ತು ಜನ ಸತ್ತರು, 13 ಮಂದಿಯನ್ನು ಪಾರುಮಾಡಲಾಯಿತು. ನಾಲ್ಕು ಸಾವಿರ ಮೀಟರಿನಾಚೆ ಪಂಚಾಂಗದ ಬೇಸಿಗೆಗೆ ಬೆಲೆಯಿಲ್ಲ. ಅಲ್ಲಿಯೂ ದಾರಿ ಕಾಣದಂತೆ ಮಾಡುವುದು ಅದೇ ಗಾಳಿ, ದೇಹವನ್ನು ತಣ್ಣಗಾಗಿಸುವುದು ಅದೇ ಲೆಕ್ಕ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು, ಮೊಮ್ಮಕ್ಕಳಿರುವ ಕನ್ನಡದ ಮನೆಗಳಿಗಂತೂ ಜನವರಿಯ ಹಿಮದ ಸುದ್ದಿ ಹೊಸದಲ್ಲ.

ಉಪಗ್ರಹ, ರಾಡಾರ್, ಕಂಪ್ಯೂಟರುಗಳಿಂದಾಗಿ ಇಂದು ಮುನ್ಸೂಚನೆ ದಿನಗಟ್ಟಲೆ ಮೊದಲೇ ಮನೆ ಬಾಗಿಲಿಗೆ ಬರುತ್ತದೆ. ಆದರೂ 2022ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಬಫಲೊ ನಗರ ಮತ್ತು ಸುತ್ತಮುತ್ತ 40ಕ್ಕೂ ಹೆಚ್ಚು ಜನ ಹಿಮಬಿರುಗಾಳಿಗೆ ಬಲಿಯಾದರು. ಎಚ್ಚರಿಕೆ ಸಾಕಷ್ಟು ಮುಂಚಿತವಾಗಿಯೇ ಬಂದಿತ್ತು. ಸತ್ತವರಲ್ಲಿ ಕೆಲವರು ರಸ್ತೆಯಲ್ಲಿ, ಕಾರುಗಳಲ್ಲಿ ಸಿಕ್ಕಿಕೊಂಡವರು. ಕೆಲವರು ತಣ್ಣಗಾದ ತಮ್ಮ ಮನೆಗಳಲ್ಲೇ ಸತ್ತವರು. 1888ರಲ್ಲಿ ಸುದ್ದಿಯೇ ತಲುಪಲಿಲ್ಲ. ಇಂದು ಸುದ್ದಿ ತಲುಪುತ್ತದೆ. ಆದರೆ ಬಾಗಿಲಲ್ಲಿ ನಿಂತು ಹೊರಡುವುದೋ ಉಳಿಯುವುದೋ ಎಂದು ತೀರ್ಮಾನಿಸುವ ಕೆಲಸ ಅಂದಿನಂತೆ ಇಂದೂ ಮನುಷ್ಯನದೇ. ಶಾಲೆಯ ಪಾಠಕ್ಕೆ ಬೆಲೆ ಇರುವುದೂ ಅಲ್ಲೇ.

ಬಫಲೊ ಬಳಿಯ ಚೀಕ್‌ಟೊವಾಗದಲ್ಲಿ ಅದೇ ಬಿರುಗಾಳಿಯ ರಾತ್ರಿ ಕಾರಿನಲ್ಲಿ ಸಿಕ್ಕಿಬಿದ್ದ ಯುವಕನೊಬ್ಬ ಹತ್ತಿರದ ಶಾಲೆಯೊಂದರ ಕಿಟಕಿ ಒಡೆದು ಒಳಹೊಕ್ಕ. ಸುತ್ತ ಕಾರುಗಳಲ್ಲಿ ನಡುಗುತ್ತಿದ್ದವರನ್ನು ಹುಡುಕಿ ಒಳಗೆ ಕರೆದುಕೊಂಡ. ಇಪ್ಪತ್ತಕ್ಕೂ ಹೆಚ್ಚು ಜನರ ಜೀವ ಉಳಿಯಿತು. ಗಾಳಿ ನಿಂತ ಮೇಲೆ, ಕಿಟಕಿ ಒಡೆದದ್ದಕ್ಕೆ ಕ್ಷಮೆ ಕೇಳಿ ಚೀಟಿ ಬರೆದಿಟ್ಟು ಹೋದ. ಪೊಲೀಸರು ಅವನನ್ನು ಹುಡುಕಿದ್ದು ಧನ್ಯವಾದ ಹೇಳುವುದಕ್ಕೆ. ನೂರಮೂವತ್ತನಾಲ್ಕು ವರ್ಷಗಳ ಹಿಂದೆ ಶಾಲೆಯ ಬಾಗಿಲು ದಾಟಿ ಹೊರಬಿದ್ದ ಮಕ್ಕಳು ಸತ್ತಿದ್ದರು. ಈ ಸಲ ಶಾಲೆಯ ಒಳಗೆ ಸೇರಿದವರು ಬದುಕಿದರು.